ಮೂರನೆಯ ಕಲ್ಲಿನ ಕಿರಿಯರಸ

೧೯ ಆಗಸ್ಟ್ ೨೦೨೪, ಸೋಮವಾರ. ಲಾಸ್ ಕೊಲಿನಾಸ್

ಹೊಸ ನೋಟುಬುಕ್ಕು. ಸರಕಾರಿ ಬಾಲಿಕಾ ಪ್ರೌಢಶಾಲೆಯ ಹುಡುಗಿಯರಿಗೆ ಮೂವತ್ತೊಂದು ವರ್ಷ ಹೇಳಿದ್ದನ್ನೇ ಇಂದು ನನಗೂ ಹೇಳಿಕೊಂಡೆ: ದಿನಚರಿಯಲ್ಲಿ ಕಂಡದ್ದನ್ನು ಬರೆಯಬೇಕು, ಕಂಡದ್ದಕ್ಕಿಂತ ಹೆಚ್ಚನ್ನು ಬರೆಯಬಾರದು.

ನಿಶಿತಾ ಏಳೂವರೆಗೆ ಆಫೀಸಿಗೆ ಹೋದಳು. ನನ್ನ ತಮ್ಮನ ಮಗಳು. ಅವಳ ಆಫೀಸಿನ ಕಟ್ಟಡ ಈ ನಾಲ್ಕನೆಯ ಮಹಡಿಯ ಕಿಟಕಿಯಿಂದ ಕಾಣುತ್ತದೆ. ಆದರೂ ಕಾರಿನಲ್ಲಿಯೇ ಹೋಗುತ್ತಾಳೆ. ಸಂಜೆ ಆರರವರೆಗೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದು ಆಗಾಗ ಸದ್ದು ಮಾಡುತ್ತದೆ.

ಟೆಕ್ಸಾಸಿನ ಈ ಊರಿನಲ್ಲಿ ಆರು ತಿಂಗಳು ಇರಲು ಒಪ್ಪಿದ್ದಕ್ಕೆ ಕಾರಣ ಒಂದೇ. ನನ್ನ ‘ನಿಡುಗೆರೆಯ ಕಿರಿಯರಸ’ ಹದಿನೈದು ವರ್ಷಗಳ ಅನಂತರ ಎರಡನೆಯ ಮುದ್ರಣ ಕಾಣುತ್ತಿದೆ. ಕರಡು ತಿದ್ದಲು ಏಕಾಂತ ಬೇಕು. ಊರಿನಲ್ಲಿ ಅದು ಸಿಗುವುದಿಲ್ಲ. ಇಲ್ಲಿ ಅದನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ.

ಪ್ರಕಾಶಕರು ಹಿಂಬದಿಯ ರಕ್ಷಾಪುಟಕ್ಕೆ ನಾಲ್ಕು ಸಾಲು ಕೇಳಿದ್ದಾರೆ. ಬರೆದೆ:

“ಹನ್ನೆರಡನೆಯ ಶತಮಾನದಲ್ಲಿ ನಿಡುಗೆರೆ ಎಂಬ ಸಣ್ಣ ನಾಡನ್ನು ತಂದೆ ಮಾಚರಸ, ಮಗ ಬಮ್ಮರಸ ಕೂಡಿ ಆಳಿದರು. ಪಟ್ಟ ಕಟ್ಟಿದಾಗ ಮಗನಿಗೆ ಹದಿನಾರು ವರ್ಷ. ಅವನು ಸಿಂಹಾಸನ ತೆರವಾಗಲೆಂದು ಕಾದು ಕುಳಿತ ಯುವರಾಜನಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಆಳಿದವನು. ಮೊದಲ ಎರಡು ಶಾಸನಗಳಲ್ಲಿ ಇಬ್ಬರ ಹೆಸರೂ ಒಟ್ಟಿಗಿದೆ. ಮೂರನೆಯ ಕಲ್ಲಿನಲ್ಲಿ ಮಗನ ಹೆಸರಿರಬೇಕಾದ ಎಡೆ ಮಳೆಗಾಳಿಗೆ ಸವೆದುಹೋಗಿದೆ. ನಾಲ್ಕನೆಯದರಲ್ಲಿ ತಂದೆಯೊಬ್ಬನೇ. ಇಪ್ಪತ್ತೆರಡರ ಹರೆಯದಲ್ಲಿ ಕಿರಿಯರಸನು ತುರುಗಾಳಗದಲ್ಲಿ ಮಡಿದನು.”

ನಾಲ್ಕು ಸಾಲಿಗೆ ಮೀರಿದೆ. ಕತ್ತರಿಸುವುದಿಲ್ಲ.

ಅವರದು ಇನ್ನೊಂದು ಬೇಡಿಕೆ: ಮೂರನೆಯ ಕಲ್ಲಿನ ಸ್ಪಷ್ಟ ಚಿತ್ರ. ಆ ಕಲ್ಲಿಗೆ ಊರವರು ಭಕ್ತಿಯಿಂದ ಹಳದಿ ಎನಾಮೆಲ್ ಬಳಿದು, ಕಟ್ಟೆ ಕಟ್ಟಿ, ಅರ್ಧದವರೆಗೆ ಸಿಮೆಂಟಿನಲ್ಲಿ ಹೂತಿದ್ದಾರೆ. ಈಗ ಅದು ಯಾರಿಗೂ ಓದಲು ಬಾರದ ದೇವರು. ಪಡಿಯಚ್ಚು ಇದ್ದರೆ ಕಳುಹಿಸಿ ಎಂದಿದ್ದಾರೆ. ಎಂದರೆ, ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಪ್ರತಿ.

ಪಡಿಯಚ್ಚು ಒಂದಿದೆ. ನನ್ನ ಬಳಿ ಇಲ್ಲ.

೨೪ ಆಗಸ್ಟ್, ಶನಿವಾರ

ಕರಡಿನ ಅರವತ್ತು ಪುಟ ಮುಗಿಯಿತು. ಕಲ್ಲಿನಲ್ಲಿ ಅಳಿದ ಅಕ್ಷರಗಳನ್ನು ನಾವು ಊಹಿಸಿ ತುಂಬಿದರೆ ಅವನ್ನು ಚೌಕ ಆವರಣದೊಳಗೆ ಇಡುವುದು ಶಾಸನ ಪ್ರಕಟಣೆಯ ಕ್ರಮ. ಕಲ್ಲು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು ಎಂಬುದು ಓದುವವನಿಗೆ ಕಾಣಬೇಕು. ಮುದ್ರಣದವರು ಅಂದಕ್ಕೆಂದು ಒಂಬತ್ತು ಕಡೆ ಆವರಣಗಳನ್ನು ಕಿತ್ತುಹಾಕಿದ್ದಾರೆ. ಒಂಬತ್ತನ್ನೂ ಕೆಂಪು ಶಾಯಿಯಲ್ಲಿ ಮರಳಿ ಹಾಕಿದೆ. ಆವರಣವಿಲ್ಲದ ಊಹೆಗೆ ಸುಳ್ಳು ಎಂದು ಹೆಸರು.

ಸಂಜೆ ನಿಶಿತಾ ಕಾಲುವೆಯ ದಂಡೆಗೆ ಕರೆದುಕೊಂಡು ಹೋದಳು. ಅಂದವಾದ ಕಾಲುವೆ, ಕಲ್ಲುಹಾಸು, ಬೆಂಚು. ಕುಳಿತವರು ನಾವಿಬ್ಬರೇ.

“ಅತ್ತೆ, ದಿನವೆಲ್ಲ ಒಬ್ರೇ ಕೂತಿರ್ತೀರಲ್ಲ, ಬೋರ್ ಆಗಲ್ವಾ?”

“ಕೆಲಸವಿರುವವರಿಗೆ ಬೇಸರವಿರುವುದಿಲ್ಲ.”

“ಮುಂದಿನ ತಿಂಗಳು ಲಾಂಗ್ ವೀಕೆಂಡ್ ನೋಡ್ಕೊಂಡು ಹ್ಯೂಸ್ಟನ್‌ಗೆ ಡ್ರೈವ್ ಮಾಡೋಣ. ನಿಮ್ಮ ಸ್ಕೂಲಲ್ಲಿದ್ದ ಉದಯಶಂಕರ್ ಅಂಕಲ್ ಅಲ್ಲೇ ತಾನೆ ಇರೋದು, ಫುಲ್‌ಶೀರಲ್ಲಿ?”

“ನಿನಗೆ ಯಾರು ಹೇಳಿದರು?”

“ನೀವೇ. ಏರ್‌ಪೋರ್ಟಿಂದ ಬರ್ತಾ ಕೇಳಿದ್ರಲ್ಲ, ಅವರಿರೋ ಫುಲ್‌ಶೀರ್ ಇಲ್ಲಿಂದ ಎಷ್ಟು ದೂರ ಅಂತ.”

ಭೂಗೋಳದ ಕುತೂಹಲದಿಂದ ಕೇಳಿರಬಹುದು. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಎಂದಿದ್ದಳು.

೩ ಸೆಪ್ಟೆಂಬರ್, ಮಂಗಳವಾರ

ಆಸ್ಟಿನ್ನಿನಿಂದ ಪತ್ರ. ಪ್ರಹ್ಲಾದ್ ಎಂಬ ಸಂಶೋಧನ ವಿದ್ಯಾರ್ಥಿ. ಮೂಲ ಗದಗಿನ ಕಡೆ. ತಂದೆಗಿಂತ ಮೊದಲೇ ಸತ್ತ ಕಿರಿಯ ಅರಸರ ಬಗ್ಗೆ ಪ್ರಬಂಧ ಬರೆಯುತ್ತಿದ್ದಾನೆ. ನಾನು ಟೆಕ್ಸಾಸಿಗೆ ಬಂದಿರುವುದನ್ನು ಪ್ರಕಾಶಕರಿಂದ ತಿಳಿದನಂತೆ. “ನಿಮ್ಮ ಎಂಬತ್ತನಾಲ್ಕನೆಯ ಪುಟದ ಆಧಾರದ ಮೇಲೆ ನನ್ನ ಒಂದು ಅಧ್ಯಾಯವೇ ನಿಂತಿದೆ” ಎಂದು ಬರೆದಿದ್ದಾನೆ. ವಾಕ್ಯಗಳು ಶುದ್ಧವಾಗಿವೆ. ಪತ್ರವನ್ನು ಎರಡು ಸಲ ಓದಿದೆ. ಮಧ್ಯಾಹ್ನ ಪಾಯಸ ಮಾಡಿದೆ, ಒಬ್ಬಳಿಗೇ.

ಎಂಬತ್ತನಾಲ್ಕನೆಯ ಪುಟದಲ್ಲಿಯೇ ಮೂರನೆಯ ಕಲ್ಲಿನ ವಿಚಾರ ಬರುತ್ತದೆ.

೭ ಸೆಪ್ಟೆಂಬರ್, ಶನಿವಾರ

ಗಣೇಶನ ಹಬ್ಬ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಎಂಬತ್ತು ಜನ. “ಆಂಟಿ, ಎಷ್ಟು ತಿಂಗಳಿಗೆ ಬಂದಿದೀರಾ?” ಎಂದು ಹದಿಮೂರು ಜನ ಕೇಳಿದರು. ಊರಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ನನ್ನ ಅಭ್ಯಾಸವಲ್ಲ.

ಪಟ್ಟ ಕಟ್ಟಿದ ಮರುದಿನ ಹದಿನಾರರ ಹುಡುಗ ಸಭೆಯಲ್ಲಿ ಹೇಗೆ ಕುಳಿತಿದ್ದಿರಬಹುದು? ಬಂದವರೆಲ್ಲ ತಂದೆಗೆ ಕೈಮುಗಿದು, ಅನಂತರ ಅವನ ಕಡೆ ತಿರುಗಿ, ಏನು ಮಾತನಾಡಬೇಕೆಂದು ತಿಳಿಯದೆ ನಕ್ಕಿರುತ್ತಾರೆ. ಇದು ಊಹೆ.

೧೪ ಸೆಪ್ಟೆಂಬರ್, ಶನಿವಾರ. ಲಿಯಾಂಡರ್

ಪ್ರಹ್ಲಾದ್ ಇಲ್ಲಿ, ಆಸ್ಟಿನ್ನಿನ ಪಕ್ಕದಲ್ಲಿ, ಅಕ್ಕನ ಮನೆಯಲ್ಲಿದ್ದಾನೆ. ಮೂರು ಗಂಟೆಯ ದಾರಿ. ನಿಶಿತಾ ಡ್ರೈವ್ ಮಾಡುತ್ತ ಹಾಡು ಕೇಳಿದಳು; ನಾನು ಉತ್ತರಗಳನ್ನು ಸಿದ್ಧಪಡಿಸಿಕೊಂಡೆ.

ಇಪ್ಪತ್ತೇಳರ ತರುಣ. ನನ್ನ ಪುಸ್ತಕದ ಮೊದಲ ಮುದ್ರಣ ಅವನ ಮೇಜಿನ ಮೇಲಿತ್ತು. ಬೆನ್ನು ಕಿತ್ತು, ಬಣ್ಣದ ಚೀಟಿಗಳು ತುಂಬಿ. ಒಂದು ಪುಸ್ತಕವನ್ನು ಅಷ್ಟು ಓದಿದ್ದನ್ನು ನಾನು ಬಹುಕಾಲದಿಂದ ಕಂಡಿರಲಿಲ್ಲ. ಅಕ್ಕ ಜೋಳದ ರೊಟ್ಟಿ ಬಡಿಸಿದಳು. ಊರಿನಿಂದ ಬಂದ ಖಡಕ್ ರೊಟ್ಟಿ, ಮುಟ್ಟಿದರೆ ಮುರಿಯುತ್ತಿತ್ತು.

“ಮೇಡಂ, ಒಂದು ಸಣ್ಣ ಸಂಶಯ ಐತ್ರಿ. ಕೇಳಲೇನ್ರಿ?”

“ಕೇಳಿ.”

“ಮೂರನೇ ಕಲ್ಲಿನ ಆ ಸಾಲು ಸವೆದದ್ದು ಅಂತ ಬರದೀರಿ. ಅದರ ಮ್ಯಾಲಿನ ಸಾಲೂ ಛಂದ ಐತಿ, ಕೆಳಗಿನ ಸಾಲೂ ಛಂದ ಐತಿ. ಮಳಿ ಬಂದು ನಡುವಿನ ಒಂದ ಹೆಸರು ಅಷ್ಟ ಹೆಂಗ ಸವೀತದ್ರಿ?”

“ನಾನು ಕಲ್ಲನ್ನು ನೋಡಿದ್ದೇನೆ. ಸಾಲದೆ?”

“ನನಗ ಸಾಕ್ರಿ. ನಮ್ಮ ಗೈಡ್‌ಗೆ ಸಾಲಂಗಿಲ್ರಿ. ಆಕಿ ಪಡಿಯಚ್ಚು ತೋರಸು ಅಂತಾಳ. ನವೆಂಬರ್‌ದಾಗ ಅಧ್ಯಾಯ ಕೊಡಬೇಕು. ಆ ಹುಡುಗ ಸತ್ತಿಲ್ಲ ಅಂತ ಆದ್ರ, ನನ್ನ ಅಧ್ಯಾಯನೂ ಇಲ್ರಿ.”

ನಿಶಿತಾ ನಕ್ಕಳು. ನಾನು ನಗಲಿಲ್ಲ.

“ಇನ್ನೊಂದ್ರಿ. ಮುನ್ನುಡಿಯಾಗ ‘ಪಡಿಯಚ್ಚು ತೆಗೆಯಲು ನೆರವಾದ ಸಹೋದ್ಯೋಗಿ ಮಿತ್ರರು’ ಅಂತ ಐತಿ. ಹೆಸರು ಇಲ್ಲ. ನಾ ಅಡಿಟಿಪ್ಪಣಿ ಹಾಕಬೇಕಲ್ರಿ. ಯಾರ್ರಿ ಅವರು?”

“ನಮ್ಮ ಶಾಲೆಯ ಚಿತ್ರಕಲೆಯ ಮೇಷ್ಟ್ರು.”

“ಹೆಸರ್ರಿ?”

“ಆಮೇಲೆ ಬರೆದು ಕಳುಹಿಸುತ್ತೇನೆ” ಎಂದೆ.

೧೫ ಸೆಪ್ಟೆಂಬರ್, ಭಾನುವಾರ

ಇಂದು ಬರೆಯುವಂಥದೇನೂ ಇಲ್ಲ.

೧೬ ಸೆಪ್ಟೆಂಬರ್, ಸೋಮವಾರ

ಕರಡು ಮುಟ್ಟಲಿಲ್ಲ.

೧೯ ಸೆಪ್ಟೆಂಬರ್, ಗುರುವಾರ

ಎರಡನೆಯ ಕಲ್ಲಿನ ಪಾಠವನ್ನು ಮತ್ತೆ ಓದಿದೆ. ಮೇಲಣ ಹಳ್ಳಿಗೂ ಕೆಳಗಣ ಹಳ್ಳಿಗೂ ಕೆರೆಯ ತೂಬಿನ ನೀರಿಗಾಗಿ ಜಗಳ. ತಲೆಗಳು ಉರುಳಿದ್ದವು. ಹತ್ತೊಂಬತ್ತರ ಬಮ್ಮರಸ ಏರಿಯ ಮೇಲೆ ಮೂರು ದಿನ ಕುಳಿತು, ಎರಡೂ ಹಳ್ಳಿಯವರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ನೀರಿನ ಸರದಿಯನ್ನು ಗೊತ್ತುಮಾಡಿದ. ಶಾಸನದಲ್ಲಿ ತಂದೆಯ ಬಿರುದುಗಳಿಗೆ ಹನ್ನೊಂದು ಸಾಲು. ಮಗನ ಈ ಕೆಲಸಕ್ಕೆ ಎರಡು. ಆದರೆ ಜನ ಆ ಕೆರೆಯನ್ನು ಇಂದಿಗೂ ಕಿರಿಯರಸನ ಕೆರೆ ಎಂದೇ ಕರೆಯುತ್ತಾರೆ. ಹನ್ನೊಂದು ಸಾಲಿನ ಬಿರುದುಗಳನ್ನು ನೆನೆಯುವವರು ಯಾರೂ ಇಲ್ಲ.

ತಂದೆಗೆ ಅದು ಹಿತವಾಗಿತ್ತೆ? ಮೊದಲ ಮುದ್ರಣದಲ್ಲಿ ಈ ಪ್ರಶ್ನೆಯನ್ನು ನಾನು ಎತ್ತಿಲ್ಲ.

೨೨ ಸೆಪ್ಟೆಂಬರ್, ಭಾನುವಾರ

ನಿಶಿತಾ ತರಕಾರಿಗೆ ಹೋಗಿದ್ದಾಗ ಫುಲ್‌ಶೀರಿಗೆ ಫೋನ್ ಮಾಡಿದೆ. ಎತ್ತಿದವಳು ಅವರ ಮಗಳು ಶ್ರಾವಣಿ. ಏಳನೆಯ ತರಗತಿಯ ತನಕ ನಮ್ಮ ಸ್ಟಾಫ್ ರೂಮಿನಲ್ಲಿ ಬಂದು ಕೂರುತ್ತಿದ್ದ ಮಗು.

“ಅಪ್ಪಾ, ಭಾನುಮತಿ ಮೇಡಂ ಅಂತೆ.”

ಟೀವಿಯ ಸದ್ದು ನಿಂತಿತು. ಚಪ್ಪಲಿಯ ಸದ್ದು ಹತ್ತಿರ ಬಂತು.

“ಹೇಳಿ ಮೇಡಂ,” ಎಂದರು ಉದಯಶಂಕರ. ನಿನ್ನೆ ಸಂಜೆ ಶಾಲೆಯ ಗೇಟಿನಲ್ಲಿ ಬೀಳ್ಕೊಂಡಂತೆ.

“ಮೂರನೆಯ ಕಲ್ಲಿನ ಪಡಿಯಚ್ಚು ನಿಮ್ಮ ಬಳಿ ಇರಬೇಕು.”

“ಇದೆ.”

“ಎರಡನೆಯ ಮುದ್ರಣಕ್ಕೆ ಅದರ ಫೋಟೊ ಬೇಕಾಗಿದೆ.”

“ಫೋಟೊದಲ್ಲಿ ಕಾಣೋ ವಸ್ತು ಅಲ್ಲ ಅದು. ಬೆಳಕಿಗೆ ಹಿಡೀಬೇಕು. ನಿಮಗೆ ಗೊತ್ತಲ್ಲ.”

“ಅಂಚೆಯಲ್ಲಿ ಕಳುಹಿಸಿದರೆ ನಾನೇ...”

“ಇಪ್ಪತ್ತೊಂದು ವರ್ಷ ಮಡಚದೆ ಇಟ್ಕೊಂಡಿದೀನಿ ಮೇಡಂ. ಅಂಚೆಗೆ ಹಾಕಲ್ಲ. ನೋಡ್ಬೇಕು ಅಂದ್ರೆ ಬನ್ನಿ.”

ನೋಡೋಣ ಎಂದು ಇಟ್ಟೆ. ನಿಶಿತಾ ಬಂದಾಗ ಫೋನು ಇನ್ನೂ ನನ್ನ ಕೈಯಲ್ಲಿತ್ತಂತೆ.

೫ ಅಕ್ಟೋಬರ್, ಶನಿವಾರ

ಕಂಡದ್ದನ್ನು ಬರೆಯಬೇಕು ಎಂಬ ನಿಯಮಕ್ಕೆ, ಕಂಡದ್ದು ಹಳೆಯದಾದರೂ, ವಿನಾಯಿತಿಯಿಲ್ಲ.

೨೦೦೩ರ ಜನವರಿ. ಮೂರನೆಯ ಕಲ್ಲು ಕಡಲೆ ಹೊಲದ ನಡುವೆ ವಾಲಿ ನಿಂತಿತ್ತು. ಮೂರು ಬಸ್ಸು ಬದಲಿಸಿ ಹೋಗಿದ್ದೆವು. ಆ ವೇಳೆಗೆ ನಾವು ಏಳು ವರ್ಷ ರಜೆಗಳನ್ನೆಲ್ಲ ಹೀಗೆಯೇ ಕಳೆದಿದ್ದೆವು. ಉದಯಶಂಕರ ತೆಂಗಿನ ನಾರಿನಿಂದ ಕಲ್ಲನ್ನು ತೊಳೆದರು. ಕಾಗದದ ಎರಡು ಮೂಲೆ ನಾನು ಹಿಡಿದೆ, ಗಾಳಿಯಿತ್ತು. ಅವರು ಕುಂಚದಿಂದ ಬಡಿಯುತ್ತ ಹೋದರು. ಮಸಿ ಹಚ್ಚುವಾಗ ಒಂದು ಎಡೆಯಲ್ಲಿ ಕೈ ನಿಲ್ಲಿಸಿ, “ಮೇಡಂ, ಇದು ಸವೆದದ್ದಲ್ಲ. ಉಳಿ ಏಟು. ಯಾರೋ ಹೆಸರು ಕೆತ್ತಿ ತೆಗೆದಿದಾರೆ” ಎಂದರು.

ಆಗದು ಎಂದೆ. ಪಕ್ಕದ ಊರಿನಲ್ಲಿ, ತುರುಗಾಳಗದಲ್ಲಿ, ಎಂದರೆ ದನ ಬಿಡಿಸುವ ಕಾಳಗದಲ್ಲಿ, ಮಡಿದವನದೊಂದು ಹೆಸರಿಲ್ಲದ ವೀರಗಲ್ಲಿದೆ. ಕುದುರೆಯ ಮೇಲೆ ಹುಡುಗ, ತಲೆಯ ಮೇಲೆ ಅರಸರ ಕೊಡೆ. ಅದು ಬಮ್ಮರಸನೇ ಎಂದು ನಾನು ಮೊದಲೇ ನಿಶ್ಚಯಿಸಿದ್ದೆ. ತಂದೆ ಬದುಕಿರುವಾಗ ಮಗನ ಹೆಸರನ್ನು ಅಳಿಸುವವರುಂಟೆ?

“ಸತ್ತಿದ್ರೆ ಯಾಕೆ ಅಳಿಸ್ತಾರೆ ಮೇಡಂ? ಸತ್ತೋರ ಹೆಸರು ಉಳಿಸ್ಕೋತಾರೆ. ಕೆತ್ತಿ ತೆಗೆಯೋದು ಬದುಕಿದ್ದೋರದ್ದು.”

ಈ ವಾದವನ್ನು ಅವರು ನಾಲ್ಕು ವರ್ಷ ಬಿಡಲಿಲ್ಲ, ನಾನೂ ಬಿಡಲಿಲ್ಲ. ಜಗಳವಾಡುತ್ತಲೇ ಇಡೀ ಪುಸ್ತಕ ಬರೆದೆವು. ಓದಿ ಅರ್ಥ ಹೇಳುವವಳು ನಾನು, ಕಲ್ಲಿನಿಂದ ಅಕ್ಷರ ಎತ್ತುವವರು ಅವರು. ಹಸ್ತಪ್ರತಿಯ ಮೊದಲ ಪುಟದಲ್ಲಿ ಎರಡು ಹೆಸರಿತ್ತು.

೨೦೦೭ರ ಫೆಬ್ರುವರಿ, ಮೈಸೂರಿನಲ್ಲಿ ಒಂದು ವಿಚಾರ ಸಂಕಿರಣ. ಪ್ರಬಂಧ ಮಂಡಿಸಿದವಳು ನಾನು. ಚರ್ಚೆಯಲ್ಲಿ ಒಂದೊಂದು ಪ್ರಶ್ನೆಯೂ ಉದಯಶಂಕರರಿಗೆ ಬಂತು. “ಮೇಷ್ಟ್ರೇ, ಈ ಪಾಠಕ್ಕೆ ಏನಾಧಾರ?” “ಮೇಷ್ಟ್ರೇ, ಈ ಕಾಲನಿರ್ಣಯ ಹೇಗೆ ಮಾಡಿದಿರಿ?” ಅವರು ಉತ್ತರಿಸಿದರು. ಉತ್ತರಗಳೆಲ್ಲ ಸರಿಯಾಗಿದ್ದವು, ನನ್ನವೇ ಆಗಿದ್ದವು. ಊಟದ ಹೊತ್ತಿನಲ್ಲಿ ಹಿರಿಯ ವಿದ್ವಾಂಸರೊಬ್ಬರು ನನ್ನ ಎಲೆಯ ಮುಂದೆ ನಿಂತು, “ಮೇಷ್ಟ್ರ ಜೊತೆ ನೀವೂ ಪಾಪ ಬಿಸಿಲಲ್ಲಿ ಅಲೆದಿದ್ದೀರಿ” ಎಂದರು. ಉದಯಶಂಕರ ಮೂರನೆಯ ಎಲೆಯಲ್ಲಿದ್ದರು. ಕೇಳಿಸಿತು. ತಲೆಯೆತ್ತದೆ ತಿಳಿಸಾರು ಕುಡಿದು ಮುಗಿಸಿದರು.

ಬಸ್ಸಿನಲ್ಲಿ ಐದು ಗಂಟೆ ನಾನು ಕಿಟಕಿಯನ್ನೇ ನೋಡಿದೆ.

೨೦೦೯ರಲ್ಲಿ ಪುಸ್ತಕ ಅಚ್ಚಿಗೆ ಹೋಗುವಾಗ ಮೊದಲ ಪುಟವನ್ನು ಹೊಸದಾಗಿ ಟೈಪ್ ಮಾಡಿದೆ. ಅವರಿಗೆ ಹೇಳಲಿಲ್ಲ. ಅಚ್ಚಾದ ಒಂದು ಪ್ರತಿಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟಿದ್ದೆ. ಅವರು ತೆರೆದು, ಮೊದಲ ಪುಟ ನೋಡಿ, ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟರು. ಮರುವಾರ ಪಡಿಯಚ್ಚುಗಳನ್ನೆಲ್ಲ ಮನೆಗೆ ಒಯ್ದರು. ಬೇಸಗೆಯಲ್ಲಿ ವರ್ಗ ಮಾಡಿಸಿಕೊಂಡರು.

ಮುನ್ನುಡಿಯಲ್ಲಿ ಕೃತಜ್ಞತೆ ಹೇಳಿದ್ದೇನೆ, ಸಾಕು ಎಂದು ಆಗ ತೋರಿತ್ತು.

ಈ ಪುಟವನ್ನು ಮತ್ತೆ ಓದಿದೆ. ಕಾಗುಣಿತದ ತಪ್ಪಿಲ್ಲ.

೧೨ ಅಕ್ಟೋಬರ್, ಶನಿವಾರ, ವಿಜಯದಶಮಿ. ಫುಲ್‌ಶೀರ್

ನಸುಕಿನಲ್ಲಿ ಹೊರಟೆವು. ಹೋಗಬೇಕೆಂದು ನಿಶಿತಾಳೇ ನಿರ್ಧರಿಸಿದಳು, ನಾನು ಬೇಡವೆನ್ನಲಿಲ್ಲ.

ಹೊಸ ಬಡಾವಣೆ, ಒಂದೇ ಅಚ್ಚಿನ ಮನೆಗಳು. ಕಾರು ನಿಂತ ಕೂಡಲೆ ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಒಳಗಿನ ಮೂರೂ ಗೋಡೆಗಳಲ್ಲಿ ಕಪ್ಪು ಚಕ್ರಗಳು. ಹತ್ತಿರ ಹೋಗಿ ನೋಡಿದರೆ ಅವೆಲ್ಲ ಪಡಿಯಚ್ಚುಗಳು; ಬೀದಿಯ ಮ್ಯಾನ್‌ಹೋಲ್ ಮುಚ್ಚಳಗಳದು. ನಲವತ್ತಕ್ಕೂ ಹೆಚ್ಚು. ಒಂದೊಂದರ ಕೆಳಗೂ ತಾರೀಖು, ಬೀದಿಯ ಹೆಸರು, ಅವರ ದುಂಡನೆಯ ಅಕ್ಷರ.

“ಈ ಬಡಾವಣೆ ಹುಟ್ಟಿ ಹತ್ತು ವರ್ಷ ಆಗಿಲ್ಲ ಮೇಡಂ,” ಎಂದು ಹಿಂದಿನಿಂದ ದನಿ ಬಂತು. “ಓದೋಕೆ ಬೇರೆ ಶಾಸನ ಇಲ್ಲ.”

ಕೂದಲೆಲ್ಲ ಹೋಗಿದೆ. ಅರ್ಧ ತೋಳಿನ ಅಂಗಿಯ ಜೇಬಿನಲ್ಲಿ ಈಗಲೂ ಎರಡು ಪೆನ್ಸಿಲ್.

“ಪೊಲೀಸರು ಒಂದ್ಸಲ ಬಂದಿದ್ರು ಮೇಡಂ,” ಎಂದಳು ಶ್ರಾವಣಿ, “ಯಾರೋ ಮುದುಕಪ್ಪ ರೋಡಲ್ಲಿ ಬೋರಲು ಬಿದ್ದಿದಾರೆ ಅಂತ ಕಂಪ್ಲೇಂಟ್ ಹೋಗಿತ್ತು.”

“ಮೊಮ್ಮಗಳು ಬಿಡಿಸ್ಕೊಂಡ್ಳು,” ಎಂದರು. ಒಂಬತ್ತರ ದಿಯಾ ಬಾಗಿಲಿನಲ್ಲಿ ನಿಂತು, “ಐ ಟೋಲ್ಡ್ ದೆಮ್ ಹೀ ಈಸ್ ಎ ಟೀಚರ್” ಎಂದಳು.

ಊಟಕ್ಕೆ ಮೊದಲೇ ತೋರಿಸಿ ಎಂದೆ. ಅವರು ಒಳಗಿನಿಂದ ಪ್ಲಾಸ್ಟಿಕ್ ಪೈಪೊಂದನ್ನು ತಂದರು. ಮನೆಗೆ ನೀರಿನ ಕೊಳಾಯಿ ಹಾಕುವಂಥದು, ಎರಡೂ ತುದಿಗೆ ಮುಚ್ಚಳ. ಇದನ್ನೇ ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದರಂತೆ. ಕಾಗದದ ಸುರುಳಿ ಬಿಚ್ಚಿದಾಗ ಮಸಿಯ ಹಳೆಯ ವಾಸನೆ.

ಹಿತ್ತಿಲಿನ ಗಾಜಿನ ಬಾಗಿಲಿಗೆ ಪೂರ್ವದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಾಗದದ ಮೇಲಿನ ಎರಡು ಮೂಲೆ ಅವರು ಹಿಡಿದರು. ಕೆಳಗಿನ ಎರಡು ನಾನು. ಹಿಂಬದಿಯಿಂದ ನೋಡಬೇಕು: ಕಲ್ಲಿನ ತಗ್ಗುಗಳೆಲ್ಲ ಕಾಗದದಲ್ಲಿ ಉಬ್ಬಾಗಿ ನಿಂತಿರುತ್ತವೆ. ಏಳನೆಯ ಸಾಲು. ಮಾಚರಸನ ಹೆಸರು ಸ್ಪಷ್ಟ. ಅದರ ಪಕ್ಕದಲ್ಲಿ, ಮಳೆ ಮಾಡಲಾರದಂತಹ ಸಾಲುಸಾಲು ಗುರುತುಗಳು, ಭತ್ತದ ಕಾಳಿನಷ್ಟಷ್ಟು ದೊಡ್ಡವು, ಒಂದೇ ಅಂತರದಲ್ಲಿ, ಒಂದೇ ಓರೆಯಲ್ಲಿ.

ಉಳಿಯ ಏಟು.

ಬಹಳ ಹೊತ್ತು ನೋಡಿದೆ.

“ಹದಿನೇಳು ಏಟು,” ಎಂದರು ಕಡೆಗೆ.

ಎಣಿಸಿದೆ. “ಹತ್ತೊಂಬತ್ತು. ಕೊನೆಯ ಮೂರು ಒಂದರ ಮೇಲೊಂದು ಬಿದ್ದಿವೆ, ನೋಡಿ.”

ಕನ್ನಡಕ ಏರಿಸಿ ನೋಡಿದರು. ಸಣ್ಣಗೆ ನಕ್ಕರು. “ಇಪ್ಪತ್ತೊಂದು ವರ್ಷ ತಪ್ಪು ಎಣಿಸಿದೀನಿ.”

“ಏಟು ಆಳವಾಗಿಲ್ಲ.”

“ಇಲ್ಲ. ಉಳಿ ಹಿಡಿದೋನಿಗೆ ಮನಸ್ಸಿರಲಿಲ್ಲ. ಅಳಿಸು ಅಂದ್ರು, ಅಳಿಸಿದ. ಓದೋಕೆ ಬರೋ ಹಾಗೆ ಬಿಟ್ಟ.”

ನಿಜ. ಬಿಸಿಲು ಒಂದಂಗುಲ ಸರಿದಾಗ ಏಟುಗಳ ಅಡಿಯಲ್ಲಿ ಅಕ್ಷರಗಳು ಮಸುಕಾಗಿ ಎದ್ದವು. ಬಮ್ಮರಸ. ನನ್ನ ಕಣ್ಣಿನಿಂದಲೇ ಓದಿದೆ.

ಊಟದಲ್ಲಿ ಅವರೇ ಮಾತು ತೆಗೆದರು. “ಮೈಸೂರಲ್ಲಿ ಅವತ್ತು, ಓದಿದ್ದು ಇವರು, ನಾನು ಕಾಗದ ಬಡಿದೋನು ಅಂತ ಹೇಳ್ಬೇಕಿತ್ತು. ಬಾಯಿ ತನಕ ಬಂತು. ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರನ್ನ ಯಾರು ಮೇಡಂ ಏನು ಕೇಳ್ತಾರೆ? ಅವತ್ತು ಕೇಳಿದ್ರು. ಹಿತವಾಗಿತ್ತು. ನುಂಗ್ಕೊಂಡೆ.”

ನಿಶಿತಾ ತಟ್ಟೆಯನ್ನು ನೋಡುತ್ತಿದ್ದಳು.

“ಪುಸ್ತಕ ಓದಿದಿರಾ?” ಎಂದೆ.

“ಮೂರು ಸಲ. ಎಂಬತ್ತನಾಲ್ಕನೇ ಪುಟ ಬಿಟ್ಟು ಎಲ್ಲ ಚೆನ್ನಾಗಿದೆ.”

“ಎರಡನೆಯ ಮುದ್ರಣದಲ್ಲಿ ನಿಮ್ಮ ಹೆಸರನ್ನು...” ಎಂದು ಆರಂಭಿಸಿದೆ. ವಾಕ್ಯ ಮುಗಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ವಾಕ್ಯವನ್ನು ಅರ್ಧಕ್ಕೆ ಬಿಟ್ಟದ್ದು ನೆನಪಿಲ್ಲ.

“ಬೇಡ ಅನ್ನೋಷ್ಟು ದೊಡ್ಡವನಲ್ಲ ನಾನು,” ಎಂದರು. “ಆದ್ರೆ ಮೊದಲಿಂದ ಇತ್ತು ಅನ್ನೋ ಹಾಗೆ ಹಾಕ್ಬೇಡಿ. ಅದು ಇನ್ನೊಂದು ಸುಳ್ಳಾಗುತ್ತೆ.”

ಹೊರಡುವಾಗ ಬೇಲಿಯ ಆಚೆಯ ಖಾಲಿ ಜಾಗದಿಂದ ಒಂದು ಎಳೆಯ ರೆಂಬೆ ಮುರಿದು ತಂದರು. “ಬನ್ನಿ ಮರ ಇಲ್ಲಿಲ್ಲ. ಇದಕ್ಕೆ ಮೆಸ್ಕೀಟ್ ಅಂತಾರೆ. ನಮ್ಮ ಬಳ್ಳಾರಿ ಜಾಲಿಗೆ ಅಣ್ಣ, ಬನ್ನಿಗೂ ದೂರದ ನೆಂಟ. ಮುಳ್ಳಿದೆ, ಹುಷಾರು.” ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಬನ್ನಿ ತಗೊಳ್ಳಿ ಮೇಡಂ. ಬಂಗಾರದ ಹಾಗಿರೋಣ.”

ಬನ್ನಿ ಪಡೆದವರು ತಿರುಗಿ ಬನ್ನಿ ಕೊಡಬೇಕು. ಕೈಯಲ್ಲಿದ್ದುದು ಅವರು ಕೊಟ್ಟದ್ದೇ. ಕಾರು ಹತ್ತಿದೆ.

೧೩ ಅಕ್ಟೋಬರ್, ಭಾನುವಾರ. ಲಾಸ್ ಕೊಲಿನಾಸ್

ಹಾಗಾದರೆ ಅವನು ಸಾಯಲಿಲ್ಲ. ತುರುಗಾಳಗವಿಲ್ಲ, ಕೊಡೆಯಿಲ್ಲ. ಇಪ್ಪತ್ತೆರಡರಲ್ಲಿ ಹೆಸರು ಹೋಯಿತು, ಆಮೇಲೆ ಎಲ್ಲಿಯೋ ಬದುಕಿದ. ನಲವತ್ತು ವರ್ಷವೂ ಇರಬಹುದು. ಯಾವ ಊರಿನಲ್ಲಿ? ಸಂಜೆ ಯಾರೊಡನೆ ಕೂತು ಉಂಡ? ತೂಬಿನ ನೀರಿನ ಸರದಿ ತಪ್ಪಿದಾಗ ಯಾರಾದರೂ ಅವನನ್ನು ಹುಡುಕಿಕೊಂಡು ಹೋದರೇ? ಕಲ್ಲುಗಳು ಇದನ್ನು ಹೇಳುವುದಿಲ್ಲ. ವೀರಸ್ವರ್ಗಕ್ಕೆ ಹೋದವನ ಬಗ್ಗೆ ಇನ್ನೂರು ಪುಟ ಬರೆಯುವುದು ನನಗೆ ಸುಲಭವಾಗಿತ್ತು.

ಮಾಚರಸನ ಬಗ್ಗೆ ನಾನು ಪ್ರತ್ಯೇಕ ಅಧ್ಯಾಯ ಬರೆಯಲಿಲ್ಲ. ಬರೆಯಬೇಕಾಗಿತ್ತು. ಎಲ್ಲರೂ ಅವನನ್ನು ದಾಟಿ ಮಗನನ್ನು ಕೇಳುವಾಗ ಆ ಮುದುಕನಿಗೆ ಏನನ್ನಿಸಿರಬಹುದು ಎಂಬುದಕ್ಕೆ ಆಧಾರ ಹುಡುಕಬೇಕಾಗಿಲ್ಲ.

ಎಂಬತ್ತನಾಲ್ಕನೆಯ ಪುಟ ಹೊಡೆದುಹಾಕಿದೆ. ರಕ್ಷಾಪುಟದ ಕೊನೆಯ ವಾಕ್ಯವನ್ನೂ.

೧೪ ಅಕ್ಟೋಬರ್, ಸೋಮವಾರ

ಪ್ರಹ್ಲಾದನಿಗೆ ಎಲ್ಲವನ್ನೂ ಬರೆದೆ. ಏಟು ಹತ್ತೊಂಬತ್ತು ಎಂಬುದನ್ನೂ. ನಿಮ್ಮ ಅಧ್ಯಾಯ ಕೆಡಿಸಿದ್ದು ನನ್ನ ಪುಸ್ತಕ ಎಂದೂ. ಸಹೋದ್ಯೋಗಿಯ ಹೆಸರು, ಇನಿಷಿಯಲ್ ಸಹಿತ.

ರಾತ್ರಿ ಊಟದ ಹೊತ್ತಿಗೆ ಅವನೇ ಫೋನ್ ಮಾಡಿದ. “ಅಧ್ಯಾಯ ಹೋತ್ರಿ ಮೇಡಂ,” ಎಂದ. ಸ್ವಲ್ಪ ತಡೆದು, “ಇದು ಅದಕ್ಕಿಂತ ಛಂದ ಐತ್ರಿ. ಹುಡುಗ ಉಳದಾನಲ್ಲ” ಎಂದ.

೨೬ ಅಕ್ಟೋಬರ್, ಶನಿವಾರ

ಮೊದಲ ಪುಟದ ಕರಡು ನಾಲ್ಕನೆಯ ಸಲ ತಿದ್ದಿದೆ. ಎರಡು ಹೆಸರನ್ನು ಸರಿಸಮನಾಗಿ ಹಾಕಿದರೆ ಮೊದಲಿನಿಂದ ಇದ್ದಂತೆ ಕಾಣುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಕೃಪೆ ತೋರಿದಂತೆ ಕಾಣುತ್ತದೆ. ಮುನ್ನುಡಿಯಲ್ಲಿ ವಿವರಿಸಿದರೆ, ಮುನ್ನುಡಿ ಓದುವವರು ಯಾರು?

ಮಧ್ಯಾಹ್ನ ನಿಶಿತಾ ತಾನೇ ಚಿತ್ರಾನ್ನ ಮಾಡಿದಳು, ನಾನು ಏಳಲಿಲ್ಲವಂತೆ. ಮೂರು ಗಂಟೆಗೆ ದಾರಿ ಹೊಳೆಯಿತು. ಇಷ್ಟು ಸರಳವಾದುದು ಇಷ್ಟು ತಡವಾಗಿ ಹೊಳೆದದ್ದಕ್ಕೆ ನಾಚಿಕೆಯಾಯಿತು. ಕಳುಹಿಸಿಬಿಟ್ಟೆ.

೩ ನವೆಂಬರ್, ಭಾನುವಾರ

ಇಂದು ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ನಿಶಿತಾ ಒಲೆಯ ಗಡಿಯಾರವನ್ನು ಬದಲಿಸುತ್ತ, “ಒಂದ್ ಗಂಟೆ ವಾಪಸ್ ಸಿಕ್ತು ಅತ್ತೆ” ಎಂದಳು.

ಪ್ರಕಾಶಕರ ಕರಡು ತಿದ್ದುವ ಹುಡುಗಿ ಮೊದಲ ಪುಟವನ್ನು ಹಿಂದಕ್ಕೆ ಕಳುಹಿಸಿದ್ದಾಳೆ. ಅಂಚಿನಲ್ಲಿ ಪ್ರಶ್ನೆ: “ಮೇಡಂ, ಎರಡನೆಯ ಹೆಸರಿಗೆ ಚೌಕ ಆವರಣ ತಪ್ಪಾಗಿ ಬಂದಿದೆಯೆ? ತೆಗೆಯಬಹುದೆ?”

ಪುಟದಲ್ಲಿ ಹೀಗಿದೆ:

ನಿಡುಗೆರೆಯ ಕಿರಿಯರಸ
ಭಾನುಮತಿ [ಉದಯಶಂಕರ]

ಆವರಣಗಳು ಇರಬೇಕು, ಅಳಿದ ಹೆಸರನ್ನು ಮರಳಿ ತುಂಬಿದಾಗ ಇದೇ ಕ್ರಮ ಎಂದು ಕೆಂಪು ಶಾಯಿಯಲ್ಲಿ ಉತ್ತರ ಬರೆದೆ. ಆ ಪುಟದ ಒಂದು ಪ್ರತಿಯನ್ನು ಮಡಚದೆ ಸುರುಳಿ ಸುತ್ತಿ, ನಿಶಿತಾಳ ಕ್ಯಾಲೆಂಡರು ಬಂದಿದ್ದ ಕೊಳವೆಯೊಳಗೆ ಇಟ್ಟೆ.

ಅಂಚೆಗೆ ಹಾಕುವುದಿಲ್ಲ. ಮುಂದಿನ ಶನಿವಾರ ನಿಶಿತಾಳಿಗೆ ಬಿಡುವಿದೆಯೇ ಎಂದು ಕೇಳಿದೆ.

“ಎಲ್ಲಿಗೆ ಅತ್ತೆ?” ಎಂದಳು, ಗೊತ್ತಿದ್ದೂ.